ಕಾಡಿನ ಅಳತೆಗೆ ಒಲೆಯಿರಲಿ

ಬಚ್ಚಲಿನಲ್ಲಿ ಹಂಡೆಯ ಒಲೆ ಉರಿಯುವುದು ಮಲೆನಾಡಿನವರಾದ ನಮಗೆಲ್ಲ ನಿತ್ಯದ ನೋಟ. ಉತ್ತರ ಯುರೋಪಿನ ಅನೇಕ ಪಟ್ಟಣಗಳಲ್ಲಿ ಇಂಥ ಒಲೆ ಊರಿಗೆಲ್ಲ ಒಂದೇ. ನಗರಸಭೆಯ ಸ್ಥಾವರದಲ್ಲಿ ಕಾದ ನೀರು ನೆಲದಡಿಯ ಕೊಳವೆಗಳಲ್ಲಿ ಮನೆಮನೆಗೆ ಹರಿದು, ಕೋಣೆಗಳನ್ನು ಬೆಚ್ಚಗಿರಿಸಿ, ತಣಿದು ಮರಳುತ್ತದೆ. ಹಿಮ ಬೀಳುವ ನಾಡಿನಲ್ಲಿ ಅದಿಲ್ಲದೆ ಬದುಕು ಸಾಗದು. ಆ ಒಲೆಗೆ ಹಿಂದೆ ಕಲ್ಲಿದ್ದಲು, ತೈಲಗಳೇ ಉರುವಲು. ಈಗ ಹಲವೆಡೆ ಅವುಗಳ ಜಾಗಕ್ಕೆ ಮರ ಬಂದಿದೆ. ಈ ಬದಲಾವಣೆಗೆ 'ಹಸಿರು' ಎಂಬ ಹೆಸರೂ ಬಂದಿದೆ. ಆ ಹೆಸರು ಎಷ್ಟರಮಟ್ಟಿಗೆ ಸಲ್ಲುತ್ತದೆ ಎಂಬುದು ವಿಚಾರಾರ್ಹ.

ದಕ್ಷಿಣ ಸ್ವೀಡನ್ನಿನ ವೆಕ್ಷೊ ನಗರ ಈ ದಾರಿಯನ್ನು ಮೊದಲು ತುಳಿದವುಗಳಲ್ಲೊಂದು. 1973ರ ತೈಲ ಬಿಕ್ಕಟ್ಟಿನಿಂದ ಪಾಠ ಕಲಿತ ಆ ನಗರ, 1980ರಲ್ಲಿ ತನ್ನ ಸ್ಥಾವರದಲ್ಲಿ ತೈಲದ ಬದಲು ಮರದ ಚಕ್ಕೆಗಳನ್ನು ಉರಿಸತೊಡಗಿತು. ಸುತ್ತಲೂ ಕಾಡು, ಸಾಮಿಲ್ಲುಗಳು. ದಿಮ್ಮಿ ಮಾರಾಟಕ್ಕೆ ಹೋದ ಮೇಲೆ ಉಳಿದ ರೆಂಬೆ, ತೊಗಟೆ, ಹೊಟ್ಟುಗಳೇ ಉರುವಲಾದವು. 1991ರಲ್ಲಿ ಸ್ವೀಡನ್ ಸರ್ಕಾರ ಇಂಗಾಲದ ತೆರಿಗೆ ವಿಧಿಸಿತು. 1996ರಲ್ಲಿ ವೆಕ್ಷೊ ನಗರಸಭೆ ಪಳೆಯುಳಿಕೆ ಇಂಧನಗಳನ್ನು ಸಂಪೂರ್ಣವಾಗಿ ತ್ಯಜಿಸುವ ಸಂಕಲ್ಪ ಮಾಡಿತು. ಒಂದು ನಗರಸಭೆ ಇಷ್ಟು ದೂರದೃಷ್ಟಿ ತೋರಿದ್ದು ಗೌರವಕ್ಕೆ ಅರ್ಹವಾದ ಸಂಗತಿ.

ಆದರೆ ಒಲೆ ದೊಡ್ಡದಾದಂತೆ ರೆಂಬೆ, ತೊಗಟೆ ಸಾಲದಾಗುತ್ತವೆ. ಆಗ ಇಡೀ ಮರವೇ ಉರುವಲಾಗುತ್ತದೆ, ಅದೂ ಹಡಗಿನಲ್ಲಿ ದೂರದಿಂದ ಬರುತ್ತದೆ. ಡೆನ್ಮಾರ್ಕಿನ ಸ್ಥಾವರಗಳು ಎಸ್ಟೋನಿಯಾ, ಲಾಟ್ವಿಯಾಗಳ ಕಾಡಿನಿಂದ ಪೆಲೆಟ್ ಎಂಬ ಮರದ ಹುಡಿಯ ಗುಳಿಗೆಗಳನ್ನು ತರಿಸುತ್ತವೆ. ಇನ್ನು ಹೊಗೆಯ ಮಾತು. ಅಂತರಸರ್ಕಾರಿ ಹವಾಮಾನ ಮಂಡಳಿಯ 2006ರ ಮಾರ್ಗಸೂಚಿಯಂತೆ, ಒಂದು ಗಿಗಾಜೂಲ್ ಶಾಖಕ್ಕೆ ಕಲ್ಲಿದ್ದಲು ಸುಮಾರು 95 ಕಿಲೋ ಇಂಗಾಲದ ಡೈಆಕ್ಸೈಡ್ ಉಗುಳಿದರೆ ಮರ 112 ಕಿಲೋ ಉಗುಳುತ್ತದೆ. ನೈಸರ್ಗಿಕ ಅನಿಲದ ಪಾಲು 56 ಕಿಲೋ.

ಹೀಗಿದ್ದೂ ಸ್ಥಾವರದ ಲೆಕ್ಕದಲ್ಲಿ ಮರದ ಹೊಗೆ ಸೊನ್ನೆ. ಮರ ಕಡಿದ ನಷ್ಟವನ್ನು ಕಡಿದ ದೇಶದ ಅರಣ್ಯಲೆಕ್ಕದಲ್ಲಿ ಬರೆಯಬೇಕೆಂಬುದು ನಿಯಮ. ಉಂಡವರ ಹೆಸರು ಬಿಟ್ಟು, ಅಕ್ಕಿ ಕೊಟ್ಟವರ ಮನೆಯಲ್ಲಿ ಸಾಲ ಬರೆದಂತಾಯಿತು. ಮತ್ತೆ ಮರ ಬೆಳೆಯುತ್ತದಲ್ಲ ಎನ್ನಬಹುದು. ಬೆಳೆಯುತ್ತದೆ, ನಿಜ. ಆದರೆ ಒಂದು ಗಂಟೆಯಲ್ಲಿ ಉರಿದು ಹೋದ ಮರ ಆ ಚಳಿನಾಡಿನಲ್ಲಿ ಮರಳಿ ಬೆಳೆದು ನಿಲ್ಲಲು ಹಲವು ದಶಕ ಬೇಕು. 2022ರಲ್ಲಿ ಪ್ರಕಟವಾದ ಲೆಕ್ಕದಂತೆ, ಕಾಡಿಗೇ ಹೆಸರಾದ ಫಿನ್ಲೆಂಡಿನಲ್ಲಿ ಭೂಬಳಕೆಯ ಕ್ಷೇತ್ರವು 2021ರಲ್ಲಿ ಇಂಗಾಲವನ್ನು ಹೀರುವ ಬದಲು ಹೊರಹಾಕಿತು. ಹೆಚ್ಚಿದ ಕಟಾವು, ಕುಂದಿದ ಬೆಳವಣಿಗೆ ಅದರ ಮುಖ್ಯ ಕಾರಣಗಳು. ಕಾಡನ್ನು ಉರುವಲಾಗಿಸಬೇಡಿರೆಂದು 2021ರ ಫೆಬ್ರುವರಿಯಲ್ಲಿ 500ಕ್ಕೂ ಹೆಚ್ಚು ವಿಜ್ಞಾನಿಗಳು ಜಗತ್ತಿನ ನಾಯಕರಿಗೆ ಪತ್ರ ಬರೆದರು. ದಿಮ್ಮಿ, ಬುಡ, ಬೇರುಗಳನ್ನು ಉರಿಸುವುದಕ್ಕೆ ನೇರ ಸಹಾಯಧನ ಕೊಡಬಾರದೆಂದು ಐರೋಪ್ಯ ಒಕ್ಕೂಟ 2023ರಲ್ಲಿ ನಿಯಮ ಮಾಡಿತು. ತಡವಾದರೂ ಅದು ಸರಿಯಾದ ಹೆಜ್ಜೆ.

ನೆಟ್ಟ ತೋಪು ಕಾಡಲ್ಲ ಎಂಬ ಪಾಠವೂ ಅಲ್ಲಿಂದಲೇ ಬಂದಿದೆ. 2005ರ ಜನವರಿಯಲ್ಲಿ ಬೀಸಿದ ಬಿರುಗಾಳಿ ವೆಕ್ಷೊ ಸುತ್ತಲಿನ ಸೀಮೆಯೂ ಸೇರಿ ದಕ್ಷಿಣ ಸ್ವೀಡನ್ನಿನಲ್ಲಿ ಸುಮಾರು 7.5 ಕೋಟಿ ಘನಮೀಟರ್ ಮರವನ್ನು ನೆಲಕ್ಕುರುಳಿಸಿತು. ಬಿದ್ದವುಗಳಲ್ಲಿ ಬಹುಪಾಲು ಸ್ಪ್ರೂಸ್ ಎಂಬ ಒಂದೇ ಜಾತಿಯ ಮರ.

ಈ ಪಾಠ ನಮಗೆ ಹೊಸತಲ್ಲ. 1980ರ ದಶಕದಲ್ಲಿ ಕಾರ್ಖಾನೆಯ ತಿರುಳಿಗಾಗಿ ಊರೊಟ್ಟಿನ ಭೂಮಿಯಲ್ಲಿ ನೀಲಗಿರಿ ನೆಟ್ಟಾಗ, 1987ರಲ್ಲಿ ಅಂದಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ಅದನ್ನು ಕಿತ್ತು ತಮಗೆ ಬೇಕಾದ ಗಿಡ ಹಚ್ಚಿದರು. ಇಂದು ನಮ್ಮ ದೇಶದಲ್ಲೂ ಕಲ್ಲಿದ್ದಲಿನ ವಿದ್ಯುತ್ ಸ್ಥಾವರಗಳು ಜೈವಿಕ ಉರುವಲನ್ನು ಬೆರೆಸಬೇಕೆಂಬ ನೀತಿ 2021ರಲ್ಲಿ ಬಂದಿದೆ. ಅದು ಮುಖ್ಯವಾಗಿ ಹೊಲದಲ್ಲುಳಿದ ಕೂಳೆ, ಹುಲ್ಲಿನ ಬಗೆಗಿನದು. ಹಾಗೆಯೇ ಉಳಿಯಲಿ ಎಂಬುದು ನಮ್ಮ ಆಗ್ರಹ.

ಕಲ್ಲಿದ್ದಲು ಹೋಗಲೇಬೇಕು. ಅದರ ಜಾಗಕ್ಕೆ ಕಾಡು ಬರಬಾರದು. ಮೊದಲು ಗೋಡೆ, ಛಾವಣಿಗಳಿಂದ ಸೋರುವ ಶಾಖವನ್ನು ತಡೆಯಬೇಕು. ಕಾರ್ಖಾನೆಗಳಲ್ಲಿ ವ್ಯರ್ಥವಾಗುವ ಬಿಸಿಯನ್ನು ಬಳಸಬೇಕು. ಆಮೇಲೆ ಹತ್ತಿರದ ಕಾಡಿನ ನಿಜವಾದ ಉಳಿಕೆ. ಆ ಉಳಿಕೆಯಲ್ಲೂ ಮಣ್ಣಿನ ಪಾಲನ್ನು ಮಣ್ಣಿಗೇ ಬಿಡಬೇಕು. ದರಕು ಪೂರ್ತಿ ಗುಡಿಸಿದ ಬೆಟ್ಟ ಬೋಳಾಗುವುದನ್ನು ನಾವು ಕಂಡವರು.

ವಿದ್ಯಾರ್ಥಿಮಿತ್ರರೇ, 'ಹಸಿರು ಇಂಧನ' ಎಂಬ ಫಲಕ ಎಲ್ಲೇ ಕಂಡರೂ ಮೂರು ಪ್ರಶ್ನೆ ಕೇಳಿರಿ: ಉರಿಯುತ್ತಿರುವುದು ಮರದ ಯಾವ ಭಾಗ? ಎಲ್ಲಿಂದ ಬಂತು? ನಷ್ಟವನ್ನು ಯಾರ ಲೆಕ್ಕದಲ್ಲಿ ಬರೆಯಲಾಗಿದೆ? ಕಾಡಿನ ಅಳತೆಗೆ ಒಲೆ ಹೂಡಿದ ಊರು ಬಾಳುತ್ತದೆ. ಒಲೆಯ ಅಳತೆಗೆ ಕಾಡು ಕಡಿದ ಊರಿಗೆ ಕೊನೆಗೆ ಉಳಿಯುವುದು ಬೂದಿ.