ಬೋನು ಇಟ್ಟರೆ ಮುಗಿಯಿತೇ?



ಕಾರಡ್ಕ, ಮುಳಿಯಾರು, ದೇಲಂಪಾಡಿ, ಬೇಡಡ್ಕ ಕಡೆಯ ನಿಮಗೆ 'ಪುಲಿ ಬಂತು' ಎಂಬ ಸುದ್ದಿ ಹೊಸತಲ್ಲ. 2025ರ ಆರಂಭದಲ್ಲಿ ಕೊಳತ್ತೂರಿನಲ್ಲಿ ಅರಣ್ಯ ಇಲಾಖೆಯ ಬೋನಿಗೆ ಒಂದು ಪುಲಿ ಬಿತ್ತು. ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಮಲಯಾಳಂನಲ್ಲಿ 'ಪುಲಿ' ಅಂದರೆ ಚಿರತೆ, ಹುಲಿಗೆ 'ಕಡುವ' ಅನ್ನುತ್ತಾರೆ. ತುಳುವಿನ 'ಪಿಲಿ' ಮಾತ್ರ ಹುಲಿ. ನಮ್ಮ ಊರುಗಳಲ್ಲಿ ಸುದ್ದಿಯಾಗುತ್ತಿರುವುದು ಚಿರತೆ, ಅಂದರೆ ಪ್ಯಾಂಥೆರಾ ಪಾರ್ಡಸ್.

'ಹಿಡಿದು ದೂರದ ಕಾಡಿಗೆ ಬಿಡಲಿ' ಎಂದು ಜನ ಹೇಳ್ತಾರೆ. ಆಡು ಕಳಕೊಂಡವರ ಸಂಕಟ, ಬೆಳಕು ಹರಿಯುವ ಮೊದಲೇ ರಬ್ಬರ್ ಟ್ಯಾಪಿಂಗಿಗೆ ಹೋಗುವವರ ಹೆದರಿಕೆ ಸುಳ್ಳಲ್ಲ. ಆದರೆ ಬೋನೊಂದೇ ಪರಿಹಾರ ಎಂಬ ಮಾತನ್ನು ನಾನು ಒಪ್ಪುವುದಿಲ್ಲ.

ಕಾರಣ ಉಂಟು. ಪ್ರಾಯಕ್ಕೆ ಬಂದ ಪ್ರತಿ ಚಿರತೆಗೂ ಅದರದ್ದೇ ಆದ ಪ್ರದೇಶ ಇರ್ತದೆ. ಒಂದನ್ನು ಹಿಡಿದರೆ ಆ ಜಾಗಕ್ಕೆ ಇನ್ನೊಂದು ಬರುತ್ತದೆ. ಹಿಡಿದದ್ದನ್ನು ಬೇರೆ ಕಡೆ ಬಿಟ್ಟರೆ ಅಲ್ಲಿಯೂ ಮೊದಲೇ ಚಿರತೆಗಳಿರುತ್ತವೆ. ಮಹಾರಾಷ್ಟ್ರದ ಜುನ್ನರ್ ಪ್ರದೇಶದಲ್ಲಿ ಹೀಗೆ ಚಿರತೆಗಳನ್ನು ದೊಡ್ಡ ಪ್ರಮಾಣದಲ್ಲಿ ಹಿಡಿದು ಬೇರೆಡೆ ಬಿಟ್ಟರು. ವಿದ್ಯಾ ಆತ್ರೇಯ ಮತ್ತು ಸಂಗಡಿಗರು ಅಧ್ಯಯನ ಮಾಡಿ ನೋಡಿದಾಗ, ಮನುಷ್ಯರ ಮೇಲಿನ ದಾಳಿ ವರ್ಷಕ್ಕೆ ಸರಾಸರಿ 4 ಇದ್ದದ್ದು 17ಕ್ಕೆ ಏರಿತ್ತು! ಒಳ್ಳೆಯ ಉದ್ದೇಶದಿಂದ ಮಾಡಿದ ಕೆಲಸವೇ ತಿರುಗಿ ಬಿತ್ತು.

ಹಾಗಾದರೆ ಚಿರತೆ ಊರಿಗೆ ಯಾಕೆ ಬರ್ತದೆ? ಸಂಖ್ಯೆ ಹೆಚ್ಚಾಗಿದೆ ಎಂದು ಹಲವರ ಉತ್ತರ. ರಾಷ್ಟ್ರೀಯ ಗಣತಿಯ ಅಂದಾಜು ನೋಡಿ: ಕೇರಳದಲ್ಲಿ 2018ರಲ್ಲಿ 650 ಚಿರತೆ, 2022ರಲ್ಲಿ 570. ಹೆಚ್ಚಾದದ್ದಲ್ಲ, ಕಡಿಮೆಯಾದದ್ದು.

ಉತ್ತರ ಕಾಡಿನ ಆಕಾರದಲ್ಲಿ ಉಂಟು. ನಮ್ಮ ರಾಣಿಪುರದ ಕಾಡು ಕೊಡಗಿನ ತಲಕಾವೇರಿ ವನ್ಯಜೀವಿ ಧಾಮಕ್ಕೆ ತಾಗಿಕೊಂಡಿದೆ. ಆದರೆ ಕೆಳಗೆ ಇಳಿದಂತೆ ರಬ್ಬರ್, ಅಡಿಕೆ, ಗೇರು ತೋಟಗಳು, ರಸ್ತೆಗಳು, ಕೆಂಪುಕಲ್ಲಿನ ಕೋರೆಗಳ ನಡುವೆ ಕಾಡು ತುಂಡು ತುಂಡಾಗಿದೆ. ಇದಕ್ಕೆ ಆವಾಸದ ಛಿದ್ರೀಕರಣ ಅನ್ನುತ್ತಾರೆ. ರಬ್ಬರ್ ತೋಟ ದೂರದಿಂದ ಕಾಡಿನ ಹಾಗೆ ಹಸಿರಾಗಿ ಕಾಣಬಹುದು. ಆದರೆ ಒಂದೇ ಜಾತಿಯ ಮರವಿರುವಲ್ಲಿ ಜಿಂಕೆ, ಕಡವೆ ಏನು ತಿನ್ನಬೇಕು? ಬೇಟೆಯ ಪ್ರಾಣಿ ಇಲ್ಲದಾಗ ಚಿರತೆ ನಾಯಿ, ಆಡುಗಳ ಹಿಂದೆ ಬರುತ್ತದೆ. ರಸ್ತೆ ಬದಿಯಲ್ಲಿ ನಾವು ಎಸೆದ ಕೋಳಿ ಅಂಗಡಿಯ ಕಸಕ್ಕೆ ನಾಯಿ, ನಾಯಿಗೆ ಚಿರತೆ. ನೀವು ಕಲಿತ ಆಹಾರ ಸರಪಳಿಯೇ ಇದು, ಅಲ್ವಾ?

ಅಮೆರಿಕ ಖಂಡಗಳಲ್ಲಿ ಚಿರತೆಯ ಸಂಬಂಧಿ ಜಾಗ್ವಾರ್ ಇದೆ. ಕಾಡು ನಾಶ ಮತ್ತು ಬೇಟೆಯಿಂದ ಅದು ತನ್ನ ಹಳೆಯ ನೆಲೆಯ ಸುಮಾರು ಅರ್ಧದಷ್ಟನ್ನು ಕಳಕೊಂಡಿದೆ. ಎಲ್ ಸಾಲ್ವಡಾರ್, ಉರುಗ್ವೆ ದೇಶಗಳಲ್ಲಿ ಈಗ ಜಾಗ್ವಾರ್ ಇಲ್ಲವೇ ಇಲ್ಲ. ನಮ್ಮ ಚಿರತೆ ಹೊಂದಿಕೊಳ್ಳುವುದರಲ್ಲಿ ಜಾಣ, ಅದಕ್ಕೇ ಇನ್ನೂ ಉಳಿದಿದೆ. ಆ ಜಾಣತನಕ್ಕೂ ಒಂದು ಮಿತಿ ಉಂಟು.

ನಾವೇನು ಮಾಡಬಹುದು? ರಾತ್ರಿ ಆಡಿನ ಹಟ್ಟಿಗೆ ಗಟ್ಟಿ ಬಾಗಿಲು ಹಾಕಿ, ನಾಯಿಯನ್ನು ಹೊರಗೆ ಕಟ್ಟಿ ಹಾಕಬೇಡಿ. ಕತ್ತಲಲ್ಲಿ ಒಬ್ಬರೇ ನಡೆಯಬೇಡಿ. ಇವು ಇಂದಿನ ಕೆಲಸ. ತೋಡಿನ ಬದಿಯ ಮರಗಳು, ನಾಗಬನ, ಕಾವುಗಳು ಕಾಡಿನ ತುಂಡುಗಳ ನಡುವೆ ಸಂಪರ್ಕದ ಕೊಂಡಿಗಳು. ಅವನ್ನು ಉಳಿಸುವುದು ನಾಳೆಯ ಕೆಲಸ.

ನಿಮ್ಮ ಇಕೋ ಕ್ಲಬ್ಬಿನಲ್ಲಿ ಊರಿನ ಒಂದು ನಕ್ಷೆ ಬರೆಯಿರಿ. ಕಾಡಿನ ತುಂಡು, ತೋಡು, ರಸ್ತೆ, ಕಸದ ರಾಶಿ, ಚಿರತೆ ಕಂಡ ಜಾಗ, ಎಲ್ಲವನ್ನೂ ಗುರುತಿಸಿ. ಅದನ್ನು ಹಿಡಿದುಕೊಂಡು ಗ್ರಾಮಸಭೆಗೆ ಹೋಗಿ. 'ಬೋನು ಎಲ್ಲಿ ಇಡುವುದು?' ಎಂದು ಹಿರಿಯರು ಚರ್ಚಿಸುವಾಗ, 'ಈ ಕಸ ಯಾವಾಗ ತೆಗೆಯುತ್ತೀರಿ? ಈ ಮರಗಳನ್ನು ಯಾರು ಉಳಿಸುತ್ತೀರಿ?' ಎಂದು ನೀವು ಕೇಳಿ.