ಯಂತ್ರದ ಗುಣ, ಯಂತ್ರದ ದೋಷ

ಹೊಸ ಯಂತ್ರವೊಂದನ್ನು ಕೊಂಡವರು ಅದನ್ನು ಕುರಿತು ಆಡುವ ಮಾತು ಸಾಮಾನ್ಯವಾಗಿ ಎರಡೇ ಬಗೆಯದು: ಒಂದು, ‘ಬಹಳ ಚೆನ್ನಾಗಿದೆ’, ಇನ್ನೊಂದು, ‘ಹಣ ದಂಡವಾಯಿತು’. ಇವೆರಡನ್ನೂ ಬಿಟ್ಟು ಮೂರನೆಯದೊಂದು ಮಾತುಂಟು. ‘ಇದು ಹೀಗೇಕೆ ಮಾಡುತ್ತದೆ?’ ಎಂಬುದೇ ಅದು. ಕೊಂಡವನಿಗೂ ವಿಜ್ಞಾನದ ವಿದ್ಯಾರ್ಥಿಗೂ ಹೆಚ್ಚು ಪ್ರಯೋಜನಕರವಾದುದು ಈ ಮೂರನೆಯ ಮಾತೇ ಆದರೂ ಅದನ್ನು ಆಡುವವರು ವಿರಳ.

ಇದು ಕೇವಲ ಕುತೂಹಲದ ವಿಷಯವಲ್ಲ. ಮಗಳೋ ಮಗನೋ ಕಾಲೇಜಿಗೆ ಸೇರಿದಾಗ ಎಷ್ಟೋ ಮನೆಗಳಲ್ಲಿ ಹಲವು ತಿಂಗಳ ಉಳಿತಾಯವನ್ನು ಒಂದು ಲ್ಯಾಪ್‌ಟಾಪಿಗೆ ಸುರಿಯುತ್ತಾರೆ. ಅದರಲ್ಲಿ ಏನಾದರೂ ವಿಚಿತ್ರ ಕಂಡುಬಂದು ಅಂಗಡಿಯವರನ್ನು ಕೇಳಿದರೆ ಸಿದ್ಧವಾದ ಉತ್ತರವೊಂದು ಬರುತ್ತದೆ: ‘ಎಲ್ಲ ಲ್ಯಾಪ್‌ಟಾಪುಗಳೂ ಹೀಗೆಯೇ.’ ಈ ಮಾತು ಕೆಲವೊಮ್ಮೆ ಪೂರ್ಣ ಸತ್ಯ. ಕೆಲವೊಮ್ಮೆ ಪೂರ್ಣ ಸುಳ್ಳು. ಯಾವಾಗ ಸತ್ಯ, ಯಾವಾಗ ಸುಳ್ಳು ಎಂಬುದನ್ನು ತಿಳಿಯಲಾರದವನು ಖಾತರಿಯ ಅವಧಿ ಮುಗಿಯುವವರೆಗೆ ಸುಮ್ಮನಿದ್ದು, ಆ ಬಳಿಕ ತನ್ನ ಕೈಯಿಂದ ಹಣ ತೆರುತ್ತಾನೆ.

ಕಾಲೇಜಿನ ಕೆಲಸಕ್ಕಾಗಿ ನಾನು ಎಂಟು ತಿಂಗಳ ಹಿಂದೆ ವ್ಯವಹಾರ ವರ್ಗದ ಲ್ಯಾಪ್‌ಟಾಪೊಂದನ್ನು ಕೊಂಡೆ. ಕಚೇರಿಗಳಿಗೆಂದು ತಯಾರಾಗುವ ಈ ವರ್ಗದ ಯಂತ್ರಗಳಲ್ಲಿ ಹೊಳಪಿಗಿಂತ ಬಾಳಿಕೆಗೆ ಹೆಚ್ಚು ಗಮನ ಕೊಡುತ್ತಾರೆ. ನನ್ನದರ ಕೀಲಿಮಣೆ ಬೆರಳಿಗೆ ಹಿತವಾಗಿದೆ; ತೆರೆ ಹೊಳಪಿಲ್ಲದುದಾದ್ದರಿಂದ ಕಿಟಕಿಯ ಪಕ್ಕದಲ್ಲಿಯೂ ಓದಬಹುದು; ತೂಕ 1.4 ಕಿಲೋಗ್ರಾಮ್. 1981ರಲ್ಲಿ ಮಾರಾಟಕ್ಕೆ ಬಂದ ಆಸ್ಬರ್ನ್-1 ಎಂಬ ‘ಒಯ್ಯಬಹುದಾದ’ ಕಂಪ್ಯೂಟರಿನ ತೂಕ ಸುಮಾರು 11 ಕಿಲೋಗ್ರಾಮ್ ಇತ್ತೆಂಬುದನ್ನು ನೆನೆದರೆ ನಡುವಣ ಪ್ರಗತಿ ಎಂಥದೆಂದು ತಿಳಿದೀತು. ಆದರೆ ಪ್ರಕೃತಿ ಏನನ್ನೂ ಪುಕ್ಕಟೆಯಾಗಿ ಕೊಡುವುದಿಲ್ಲ. ಯಂತ್ರವನ್ನು ಇಷ್ಟು ಹಗುರಾಗಿಯೂ ತೆಳ್ಳಗೂ ಮಾಡಿದುದಕ್ಕೆ ಎಲ್ಲಿಯೋ ಬೆಲೆ ತೆತ್ತಿರಲೇಬೇಕು.

ಮೊದಲು ಶಾಖದ ಮಾತು. ಲ್ಯಾಪ್‌ಟಾಪು ಲೆಕ್ಕ ಮಾಡಲಿ, ಪತ್ರ ಬರೆಯಲಿ, ಅದು ಹೀರಿಕೊಂಡ ವಿದ್ಯುಚ್ಛಕ್ತಿ ಹೆಚ್ಚುಕಡಿಮೆ ಎಲ್ಲವೂ ಕಡೆಗೆ ಶಾಖವಾಗಿಯೇ ಹೊರಬೀಳುತ್ತದೆ. 15 ವಾಟಿನ ಹಳೆಯ ಕಾಲದ ತಂತಿಯ ಬಲ್ಬನ್ನು ಉರಿಯುತ್ತಿರುವಾಗ ಮುಟ್ಟಿದವರಿಗೆ ಅಷ್ಟು ಶಾಖವೆಂದರೆ ಏನೆಂಬುದು ಗೊತ್ತು. ತೆಳುವಾದ ಲ್ಯಾಪ್‌ಟಾಪಿನ ಪ್ರೊಸೆಸರು ಅಷ್ಟನ್ನು ಸತತವಾಗಿ ಹೊರಸೂಸುವುದು ಸಾಮಾನ್ಯ. ಅವಸರದ ಕೆಲಸ ಬಂದಾಗ ಸ್ವಲ್ಪ ಹೊತ್ತು ಅದರ ಎರಡರಷ್ಟನ್ನೋ ಇನ್ನೂ ಹೆಚ್ಚನ್ನೋ ಸೂಸುತ್ತದೆ. ಆಗ ಅದರ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್‌ನ ಸಮೀಪಕ್ಕೆ ಏರುತ್ತದೆ. ಅದನ್ನು ಮೀರದಂತೆ ಯಂತ್ರವು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಒಂದೇ ಲೆಕ್ಕವನ್ನು ಹತ್ತು ಬಾರಿ ಬೆನ್ನುಬೆನ್ನಿಗೆ ಮಾಡಿಸಿ ಕಾಲವನ್ನು ಗುರುತಿಸಿದಾಗ ನನ್ನ ಯಂತ್ರ ಮೊದಲ ಬಾರಿ 41 ಸೆಕೆಂಡು, ಆರನೆಯ ಬಾರಿ 58 ಸೆಕೆಂಡು ತೆಗೆದುಕೊಂಡಿತು. ಅಲ್ಲಿಂದ ಮುಂದೆ ಹೆಚ್ಚು ಕಡಿಮೆಯಾಗಲಿಲ್ಲ. ಹೀಗೆ ನಿಧಾನವಾಗಿ ಒಂದು ಮಟ್ಟದಲ್ಲಿ ನಿಲ್ಲುವುದು ದೋಷವಲ್ಲ, ಉಷ್ಣಶಾಸ್ತ್ರದ ನಿಯಮ. ಅದೇ ಲೆಕ್ಕ, ಅದೇ ಕೋಣೆಯ ಉಷ್ಣತೆಯಲ್ಲಿ, ತಿಂಗಳಿಂದ ತಿಂಗಳಿಗೆ ಹೆಚ್ಚು ಕಾಲ ತೆಗೆದುಕೊಳ್ಳತೊಡಗಿದರೆ ಮಾತು ಬೇರೆ. ಆಗ ಫ್ಯಾನಿನ ದಾರಿಯಲ್ಲಿ ಧೂಳು ಕಟ್ಟಿರಬೇಕೆಂದು ಶಂಕಿಸಬಹುದು.

ಎರಡನೆಯದು ಅನೇಕರನ್ನು ಹೆದರಿಸುವ ಸಂಗತಿ. ಲೋಹದ ಮೈಯ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿ ಬೆರಳನ್ನು ಅದರ ಮೇಲೆ ಹಗುರವಾಗಿ ಸವರಿದರೆ ಸಣ್ಣದಾಗಿ ಜುಮ್ಮೆನ್ನುವುದುಂಟು. ಬೆರಳನ್ನು ಒತ್ತಿ ನಿಲ್ಲಿಸಿದರೆ ಏನೂ ಇಲ್ಲ. ಎರಡು ಕಡ್ಡಿಯ ಪ್ಲಗ್ಗಿನ ಚಾರ್ಜರಿಗೆ ಭೂಸಂಪರ್ಕವಿರುವುದಿಲ್ಲ. ಅದರೊಳಗೆ ವಿದ್ಯುತ್ ಗದ್ದಲವನ್ನು ತಡೆಯಲೆಂದು ಕೆಪಾಸಿಟರೊಂದನ್ನು ಇಟ್ಟಿರುತ್ತಾರೆ. ಅದರ ಧಾರಕತೆ ಒಂದು ನ್ಯಾನೊಫ್ಯಾರಡ್ ಎಂದು ಹಿಡಿಯೋಣ. 230 ವೋಲ್ಟು, 50 ಹರ್ಟ್ಸಿನ ಪರ್ಯಾಯ ವಿದ್ಯುತ್ತಿನಲ್ಲಿ ಅದು ಹೆಚ್ಚೆಂದರೆ ಸುಮಾರು 0.07 ಮಿಲಿಆಂಪಿಯರ್ ಪ್ರವಾಹವನ್ನು ಬಿಟ್ಟೀತು. ಪಿ.ಯು.ಸಿ. ವಿದ್ಯಾರ್ಥಿಗಳು ಇದನ್ನು ತಾವೇ ಲೆಕ್ಕ ಹಾಕಿ ನೋಡಬಹುದು. ಇಷ್ಟು ಅಲ್ಪ ಪ್ರವಾಹ ನರವನ್ನು ಕೆರಳಿಸಲಾರದು. ಆದರೆ ಒಣಗಿದ ಚರ್ಮಕ್ಕೂ ಲೋಹಕ್ಕೂ ನಡುವಣ ವಿದ್ಯುದಾಕರ್ಷಣೆ ಕ್ಷಣಕ್ಷಣಕ್ಕೆ ಏರಿಳಿದು, ಸವರುವ ಬೆರಳಿನ ಘರ್ಷಣೆ ಕಂಪಿಸುತ್ತದೆ. 1953ರಷ್ಟು ಹಿಂದೆಯೇ ವಿಜ್ಞಾನಿಗಳು ವಿವರಿಸಿದ ಪರಿಣಾಮವಿದು. ಭೂಸಂಪರ್ಕವುಳ್ಳ ಮೂರು ಕಡ್ಡಿಯ ಚಾರ್ಜರನ್ನು ಉಪಯೋಗಿಸಿದರೆ, ಅಥವಾ ಚಾರ್ಜರನ್ನೇ ತೆಗೆದರೆ, ಜುಮ್ಮೆನ್ನುವುದು ನಿಲ್ಲಬೇಕು. ಒಂದು ಎಚ್ಚರಿಕೆ: ಕೈಯನ್ನು ಜಗ್ಗುವಂಥ ನಿಜವಾದ ಆಘಾತವಾದರೆ ಪರೀಕ್ಷೆಗೆ ತೊಡಗದೆ ಸ್ವಿಚ್ಚನ್ನು ಆರಿಸಿ ಆ ಚಾರ್ಜರನ್ನು ದೂರವಿಡಬೇಕು. ಚಾರ್ಜರಿನ ಒಳಗನ್ನು ಬಿಚ್ಚುವ ಸಾಹಸ ಯಾರಿಗೂ ಬೇಡ.

ಇನ್ನು ಕೆಲವನ್ನು ಸಂಕ್ಷೇಪವಾಗಿ ಹೇಳಬಹುದು. ತೆರೆದಿಟ್ಟ ಲ್ಯಾಪ್‌ಟಾಪನ್ನು ಮುಚ್ಚಿದ ಇನ್ನೊಂದರ ಮೇಲಿಟ್ಟಾಗ ತೆರೆ ತಟ್ಟನೆ ಆರಿಹೋದೀತು. ಮುಚ್ಚಳ ಮುಚ್ಚಿದೆಯೇ ಎಂದು ತಿಳಿಯಲು ಯಂತ್ರದಲ್ಲಿ ಪುಟ್ಟ ಅಯಸ್ಕಾಂತವನ್ನೂ, 1879ರಲ್ಲಿ ಎಡ್ವಿನ್ ಹಾಲ್ ಕಂಡುಹಿಡಿದ ಪರಿಣಾಮವನ್ನು ಆಧರಿಸಿದ ಸಂವೇದಕವನ್ನೂ ಇಟ್ಟಿರುವುದು ಸಾಮಾನ್ಯ. ಕೆಳಗಿನ ಯಂತ್ರದ ಅಯಸ್ಕಾಂತ ಮೇಲಿನದನ್ನು ವಂಚಿಸುತ್ತದೆ. 512 ಗಿಗಾಬೈಟ್ ಎಂದು ಕೊಂಡ ಸಂಗ್ರಹ 476 ಎಂದು ತೋರಿದರೆ ಅದು ಮೋಸವಲ್ಲ. ಮಾರುವವರು ನೂರು ಕೋಟಿಯನ್ನು ಒಂದು ಗಿಗಾ ಎಂದು ಎಣಿಸಿದರೆ, ಯಂತ್ರ 2ರ 30ನೆಯ ಘಾತವನ್ನು ಹಾಗೆ ಎಣಿಸಿರುತ್ತದೆ. ಬ್ಯಾಟರಿ ಶೇಕಡಾ 80ಕ್ಕೆ ತುಂಬಿ ನಿಂತುಬಿಡುವುದು ಅನೇಕ ವೇಳೆ ತಯಾರಕರು ಬುದ್ಧಿಪೂರ್ವಕವಾಗಿ ಮಾಡಿದ ಏರ್ಪಾಡು. ಲಿಥಿಯಂ-ಅಯಾನ್ ಕೋಶ ಸದಾ ತುಂಬಿಯೇ ಇದ್ದರೆ ಬೇಗ ಮುದಿಯಾಗುತ್ತದೆ. ತೆರೆಯ ಬೆಳಕನ್ನು ತಗ್ಗಿಸಿದಾಗ ಕಣ್ಣು ದಣಿಯುವುದೆಂದು ಹೇಳುವವರು ಬಿಳಿಯ ತೆರೆಯ ಮುಂದೆ ಪೆನ್ಸಿಲೊಂದನ್ನು ವೇಗವಾಗಿ ಬೀಸಿ ನೋಡಲಿ. ಬೀಸಣಿಗೆಯ ಕಡ್ಡಿಗಳಂತೆ ಬಿಡಿಬಿಡಿಯಾಗಿ ಹಲವು ಪೆನ್ಸಿಲುಗಳು ಕಂಡರೆ ಆ ಬೆಳಕು ಎಡೆಬಿಡದೆ ಹತ್ತಿ ಆರುತ್ತಿದೆ ಎಂದರ್ಥ.

ಇಷ್ಟೂ ಗುಣಗಳು. ದೋಷವೆಂದರೆ ಹೇಗಿರುತ್ತದೆ? ನನ್ನ ಯಂತ್ರದಲ್ಲಿ ಚಾರ್ಜರನ್ನು ಸಿಕ್ಕಿಸಲು ಸಿ-ಮಾದರಿಯ ಯು.ಎಸ್.ಬಿ. ಕಿಂಡಿಗಳು ಎರಡು ಇವೆ. ಮೂರನೆಯ ತಿಂಗಳಲ್ಲಿ ಅವುಗಳಲ್ಲೊಂದು ಚಾರ್ಜು ಮಾಡುವುದನ್ನು ಆಗೊಮ್ಮೆ ಈಗೊಮ್ಮೆ ನಿಲ್ಲಿಸತೊಡಗಿತು. ಸೇವಾಕೇಂದ್ರದವರು, ‘ಎಲ್ಲವೂ ಹೀಗೆಯೇ, ಸ್ವಲ್ಪ ಒತ್ತಿ ಸಿಕ್ಕಿಸಿ’ ಎಂದರು. ಈ ಕಿಂಡಿಯಲ್ಲಿ 24 ಸಂಪರ್ಕಗಳಿದ್ದು, ಪ್ಲಗ್ಗನ್ನು ಮೇಲುಕೆಳಗು ಮಾಡಿ ಸಿಕ್ಕಿಸಿದರೂ ಕೆಲಸ ಮಾಡಬೇಕೆಂಬುದು ಅದರ ಮಾನಕ. ಪ್ಲಗ್ಗು ಯಾವ ಮಗ್ಗುಲಾಗಿ ಬಂದಿದೆ, ಎಷ್ಟು ವೋಲ್ಟು ಬೇಕು ಎಂಬುದನ್ನು ನಿರ್ಧರಿಸಲು ಅವುಗಳಲ್ಲಿ ಎರಡು ಸಂಪರ್ಕಗಳು ಮೀಸಲಾಗಿವೆ. ಒಂದೊಂದು ಮಗ್ಗುಲಿಗೆ ಒಂದೊಂದು. ಹೀಗಿರುವಲ್ಲಿ ಪರೀಕ್ಷೆ ಸುಲಭ. ಶಂಕಿತ ಕಿಂಡಿಯಲ್ಲಿ ಒಂದು ಮಗ್ಗುಲಾಗಿ 20 ಬಾರಿ, ತಿರುಗಿಸಿ 20 ಬಾರಿ ಸಿಕ್ಕಿಸಿದೆ. ಮೊದಲನೆಯದರಲ್ಲಿ 20 ಬಾರಿಯೂ ಚಾರ್ಜಾಯಿತು. ಎರಡನೆಯದರಲ್ಲಿ 3 ಬಾರಿ ಮಾತ್ರ. ಅದೇ ಚಾರ್ಜರು, ಅದೇ ಕೇಬಲ್ಲು ಇನ್ನೊಂದು ಕಿಂಡಿಯಲ್ಲಿ 40 ಬಾರಿಯೂ ಸರಿಯಾಗಿ ನಡೆದುವು. ಆದ್ದರಿಂದ ತಪ್ಪು ಚಾರ್ಜರಿನದಲ್ಲ, ಕೇಬಲ್ಲಿನದಲ್ಲ, ಒತ್ತುವ ಕೈಯದೂ ಅಲ್ಲ. ಆ ಒಂದು ಕಿಂಡಿಯದು. ಈ ಅಂಕಿಗಳನ್ನು ಹಾಳೆಯ ಮೇಲೆ ಬರೆದುಕೊಟ್ಟ ಮೇಲೆ ವಾದಕ್ಕೆ ಎಡೆಯಿರಲಿಲ್ಲ. ರಿಪೇರಿಗೆ ಒಪ್ಪಿದರು.

ಆದರೆ ರಿಪೇರಿ ಎಂದರೆ ಏನು? ಆ ಪುಟ್ಟ ಕಿಂಡಿಯನ್ನು ಮುಖ್ಯ ಫಲಕಕ್ಕೇ ಬೆಸುಗೆ ಹಾಕಿದ್ದರಿಂದ ಪ್ರೊಸೆಸರು, ಸ್ಮರಣಕೋಶ ಸಮೇತ ಇಡೀ ಫಲಕವನ್ನೇ ಬದಲಾಯಿಸಿದರು. ಖಾತರಿ ಇದ್ದುದರಿಂದ ನನಗೆ ಖರ್ಚಾಗಲಿಲ್ಲ. ಖಾತರಿ ತೀರಿದ್ದರೆ? ಚಿಲಕ ಮುರಿದುದಕ್ಕೆ ಮನೆಯ ಗೋಡೆಯನ್ನೇ ಕೆಡವಿ ಕಟ್ಟಿಸಿದಂತಾಗುತ್ತಿತ್ತು. ನನ್ನ ಆಕ್ಷೇಪಣೆ ಇರುವುದು ಇಲ್ಲಿ.

ಬೆಸುಗೆ ಹಾಕುವುದಕ್ಕೆ ಕಾರಣವೇ ಇಲ್ಲವೆಂದು ನಾನು ಹೇಳುವುದಿಲ್ಲ. ಸ್ಮರಣಕೋಶದ ವಿಷಯದಲ್ಲಿ ಕಾರಣ ಬಲವಾಗಿಯೇ ಇದೆ. ಈಗಿನ ವೇಗದ ಸ್ಮರಣಕೋಶಗಳಲ್ಲಿ ಒಂದೊಂದು ತಂತಿಯೂ ಸೆಕೆಂಡಿಗೆ 750 ಕೋಟಿ ಸಂಕೇತಗಳನ್ನು ಒಯ್ಯುವುದುಂಟು. ಒಂದು ಸಂಕೇತಕ್ಕೆ ಸಿಗುವ ಕಾಲದಲ್ಲಿ ಬೆಳಕು ನಿರ್ವಾತದಲ್ಲಿಯೂ ಸುಮಾರು 4 ಸೆಂಟಿಮೀಟರು ಮಾತ್ರ ಚಲಿಸೀತು. ಫಲಕದ ತಂತಿಯಲ್ಲಿ ಅದರ ಅರ್ಧದಷ್ಟು. ತಂತಿ ಉದ್ದವಾದಷ್ಟೂ, ನಡುವೆ ಕೂಡುಗಳಿದ್ದಷ್ಟೂ ಸಂಕೇತ ಕೆಡುತ್ತದೆ. ಆದ್ದರಿಂದ ಕೋಶವನ್ನು ಪ್ರೊಸೆಸರಿನ ಮಗ್ಗುಲಲ್ಲೇ ಬೆಸೆಯುತ್ತಾರೆ. ಸರಿ. ಆದರೆ ಭೌತಶಾಸ್ತ್ರ ಒಡ್ಡಿದ ತಡೆಯನ್ನು ಜಾಣತನದಿಂದ ದಾಟಲೂಬಹುದು. ಚಪ್ಪಟೆಯಾಗಿ ಕೂರಿಸಿ ತಿರುಪು ಬಿಗಿಯುವ, ತಂತಿಯ ಉದ್ದವನ್ನು ಕಡಮೆ ಮಾಡುವ ಹೊಸ ಬಗೆಯ ಸ್ಮರಣಫಲಕಕ್ಕೆ ಜೆಡೆಕ್ ಎಂಬ ಮಾನಕ ಸಂಸ್ಥೆ 2023ರಲ್ಲಿ ಮಾನಕವನ್ನು ಪ್ರಕಟಿಸಿತು. 2024ರಲ್ಲಿ ಅದನ್ನುಳ್ಳ ಲ್ಯಾಪ್‌ಟಾಪುಗಳು ಮಾರುಕಟ್ಟೆಗೂ ಬಂದುವು. ಇನ್ನು ಚಾರ್ಜಿನ ಕಿಂಡಿಗೆ ಇಂಥ ನಿರ್ಬಂಧದ ನೆಪವೂ ಸಾಲದು. ದಿನಕ್ಕೆ ನಾಲ್ಕು ಬಾರಿ ತಿಕ್ಕಾಟಕ್ಕೆ ಸಿಕ್ಕುವ ಭಾಗ ಸವೆಯುವುದೆಂಬುದು ಮೊದಲೇ ಗೊತ್ತಿದ್ದ ಸಂಗತಿ. ಅದನ್ನು ಬೇರೆಯ ಸಣ್ಣ ಫಲಕದ ಮೇಲೆ ಇಟ್ಟಿದ್ದರೆ ಯಂತ್ರ ಒಂದು ಕೂದಲೆಳೆ ದಪ್ಪವಾಗುತ್ತಿತ್ತೇನೋ. ಆದರೆ ಕೊಂಡವನ ಹಣ ಉಳಿಯುತ್ತಿತ್ತು.

ಫ್ರಾನ್ಸ್ ದೇಶದಲ್ಲಿ 2021ರಿಂದ ಲ್ಯಾಪ್‌ಟಾಪುಗಳನ್ನು ಮಾರುವವರು ರಿಪೇರಿಯ ಸೌಲಭ್ಯಕ್ಕೆ ಹತ್ತರಲ್ಲಿ ಎಷ್ಟು ಅಂಕವೆಂದು ಪ್ರಕಟಿಸಬೇಕೆಂಬ ನಿಯಮ ಜಾರಿಗೆ ಬಂದಿತು. ಬಿಚ್ಚುವುದು ಎಷ್ಟು ಸುಲಭ, ಬಿಡಿಭಾಗ ದೊರೆಯುವುದೆ, ಅದರ ಬೆಲೆಯೆಷ್ಟು, ರಿಪೇರಿಯ ವಿವರಣೆ ಸಿಗುವುದೆ ಎಂಬುವು ಆ ಅಂಕದ ಆಧಾರಗಳು. ನಮ್ಮ ಕೇಂದ್ರ ಸರ್ಕಾರವೂ ರಿಪೇರಿಯ ಹಕ್ಕಿನ ಮಾಹಿತಿಗಾಗಿ 2022ರ ಡಿಸೆಂಬರಿನಲ್ಲಿ ಜಾಲತಾಣವೊಂದನ್ನು ತೆರೆಯಿತು. ಇದು ಒಳ್ಳೆಯ ಆರಂಭ. ಆದರೆ ಕೇಳುವವರಿಲ್ಲದೆ ಯಾವ ಹಕ್ಕೂ ಬಾಳಲಾರದು.

ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮವಿಟ್ಟು ಹೂವೇರಿಸುವುದು ನಮ್ಮಲ್ಲಿ ರೂಢಿ, ಚೆಲುವಾದ ರೂಢಿ. ಉಳಿದ ದಿನಗಳಲ್ಲಿ ಅದನ್ನು ಪರೀಕ್ಷಿಸುವ ರೂಢಿಯೂ ನಮ್ಮಲ್ಲಿ ಬೆಳೆಯಬೇಕು. ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೆ. ಕೊಳ್ಳುವ ಮೊದಲು ಮೂರು ಪ್ರಶ್ನೆ ಕೇಳಿ: ಬ್ಯಾಟರಿಯನ್ನೂ ಸಂಗ್ರಹವನ್ನೂ ಸ್ಮರಣಕೋಶವನ್ನೂ ಬದಲಾಯಿಸಬಹುದೆ? ಚಾರ್ಜಿನ ಕಿಂಡಿ ಬೇರೆಯಾಗಿದೆಯೆ, ಮುಖ್ಯ ಫಲಕಕ್ಕೆ ಬೆಸೆದಿದೆಯೆ? ರಿಪೇರಿಯ ಕೈಪಿಡಿಯನ್ನು ತಯಾರಕರು ಎಲ್ಲರಿಗೂ ಕೊಟ್ಟಿದ್ದಾರೆಯೆ? ಅನೇಕ ವ್ಯವಹಾರ ವರ್ಗದ ಯಂತ್ರಗಳ ಕೈಪಿಡಿಗಳು ತಯಾರಕರ ಜಾಲತಾಣದಲ್ಲಿ ಪುಕ್ಕಟೆಯಾಗಿ ಸಿಗುತ್ತವೆ. ಮೊದಲೆರಡು ಪ್ರಶ್ನೆಗಳ ಉತ್ತರವೂ ಅಲ್ಲೇ ಇರುತ್ತದೆ. ಕೊಂಡ ಮೇಲೆ ಪ್ರಯೋಗಶಾಲೆಯ ಪುಸ್ತಕದಂಥದೊಂದನ್ನು ಇಟ್ಟುಕೊಂಡು, ಕಂಡ ವಿಚಿತ್ರವನ್ನು ದಿನಾಂಕದೊಡನೆ ಬರೆಯಿರಿ. ಒಂದು ಬಾರಿಗೆ ಒಂದೇ ಅಂಶವನ್ನು ಬದಲಾಯಿಸಿ, ಹಲವು ಬಾರಿ ನೋಡಿ, ಎಣಿಸಿ. ಗುಣವೆಂದು ತಿಳಿದರೆ ಅದರ ಕಾರಣವನ್ನು ನಿಮ್ಮ ಪಠ್ಯಪುಸ್ತಕದಲ್ಲಿ ಹುಡುಕಿ. ದೋಷವೆಂದು ಸಿದ್ಧವಾದರೆ, ಖಾತರಿ ಮುಗಿಯುವ ಮುನ್ನ, ಅಂಕಿಗಳನ್ನು ಮುಂದಿಟ್ಟು ನ್ಯಾಯ ಕೇಳಿ.