ಮಾಮೂಲಿ ಷರತ್ತು ಯಾರಿಗೆ ಮಾಮೂಲಿ?

ನಮ್ಮ ಬಾಂಧವರು ವಾಸವಾಗಿರುವ ಚಾಳುಗಳಲ್ಲಿ ಈಗ ಎಲ್ಲೆಲ್ಲೂ ಒಂದೇ ಮಾತು: ಪುನರ್ನಿರ್ಮಾಣ. ಲಾಲ್‌ಬಾಗ್, ಪರೇಲ್, ನಾಯಗಾಂವ್‌ಗಳಿಂದ ಹಿಡಿದು ಗೋರೆಗಾಂವ್, ಚೆಂಬೂರು, ಮುಲುಂಡಿನವರೆಗೆ ಹಳೆಯ ಕಟ್ಟಡಗಳು ಉರುಳುತ್ತಿವೆ, ಗೋಪುರಗಳು ಏಳುತ್ತಿವೆ. ಬಿಲ್ಡರನ ಮನುಷ್ಯ ಬರುತ್ತಾನೆ. ಅಂಗಳದಲ್ಲಿ ಕುರ್ಚಿ ಹಾಕಿ ಸಭೆ ನಡೆಯುತ್ತದೆ. ಚಹಾ ಬಿಸ್ಕೀಟು ಹಂಚಿ ಬಣ್ಣದ ನಕ್ಷೆ ತೋರಿಸುತ್ತಾರೆ. ಕೊನೆಗೆ ದಪ್ಪನೆಯ ಇಂಗ್ಲಿಷ್ ಕರಾರುಪತ್ರವೊಂದು ಚೀಲದಿಂದ ಹೊರಬರುತ್ತದೆ. ಯಾರಾದರೂ ಎದ್ದು "ಇದರೊಳಗೆ ಏನು ಬರೆದಿದೆ ಸ್ವಾಮಿ?" ಎಂದು ಕೇಳಿದರೆ ಸಿಗುವ ಉತ್ತರ ಒಂದೇ: "ಅದೆಲ್ಲ ಮಾಮೂಲಿ ಷರತ್ತು. ಎಲ್ಲ ಕಡೆ ಇರುವಂಥದ್ದೇ. ನೀವು ಸಹಿ ಹಾಕಿ."

ಈ 'ಮಾಮೂಲಿ' ಎಂಬ ಮಾತಿನ ಮೇಲೆಯೇ ನಮ್ಮ ತಕರಾರು.

ಪುನರ್ನಿರ್ಮಾಣಕ್ಕೆ ನಾವು ವಿರೋಧಿಗಳಲ್ಲ. ಹತ್ತಡಿಯ ಖೋಲಿಯಲ್ಲಿ ಎಂಟು ಜನ ಮಲಗಿ, ನಲ್ಲಿಯ ಸರದಿಯಲ್ಲಿ ನಿಂತು, ಮಳೆಗಾಲದಲ್ಲಿ ಸೋರುವ ಮಾಡಿನಡಿ ಪಾತ್ರೆ ಇಟ್ಟು ದಿನ ಕಳೆದವರು ಒಳ್ಳೆಯ ಮನೆ ಬಯಸುವುದು ತಪ್ಪಲ್ಲ. ವರ್ಲಿಯ ಬಿ.ಡಿ.ಡಿ. ಚಾಳುಗಳಲ್ಲಿ 160 ಚದರಡಿಯ ಖೋಲಿಯವರಿಗೆ 500 ಚದರಡಿಯ ಮನೆ ಎಂದು ನಿಶ್ಚಯವಾಗಿ, 2025ರ ಆಗಸ್ಟಿನಲ್ಲಿ ಮೊದಲ 556 ಕುಟುಂಬಗಳ ಕೈಗೆ ಬೀಗದ ಕೈ ಬಂದಾಗ ನಾವೂ ಸಂತೋಷಪಟ್ಟವರೇ. ನಾವು ಕೇಳುವುದು ಬೇರೆ. ಮನೆ ಬಿಟ್ಟು ಹೊರಡುವವರು ನಾವು. ಹಾಗಿರುವಾಗ ಕರಾರಿನ ಮಾತುಗಳೆಲ್ಲ ಇನ್ನೊಬ್ಬನ ಕಡೆಗೇ ಏಕೆ ವಾಲಬೇಕು?

ಬಿಲ್ಡರು ಸಾಮಾನ್ಯವಾಗಿ ಎರಡು ಕರಾರು ಮಾಡಿಕೊಳ್ಳುತ್ತಾನೆ ಎಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ. ಒಂದು ನಮ್ಮೊಡನೆ. ಇನ್ನೊಂದು ಕಟ್ಟಡ ಕಟ್ಟಿಕೊಡುವ ಕಂತ್ರಾಟುದಾರನೊಡನೆ. ಎರಡನೆಯದನ್ನು ನಮಗೆ ಯಾರೂ ತೋರಿಸುವುದಿಲ್ಲ. ತೋರಿಸಿದ್ದರೆ ಮಾಮೂಲಿ ಎಂದರೆ ಏನೆಂಬುದು ತಿಳಿಯುತ್ತಿತ್ತು.

ಅದರಲ್ಲಿ ಮೊದಲು ಬರುವುದು ಬ್ಯಾಂಕ್ ಗ್ಯಾರಂಟಿ. ಕಂತ್ರಾಟುದಾರ ಕೆಲಸ ಅರ್ಧಕ್ಕೆ ಬಿಟ್ಟು ಓಡಿದರೆ ಇಂತಿಷ್ಟು ಹಣವನ್ನು ತಾನು ಕೊಡುತ್ತೇನೆಂದು ಬ್ಯಾಂಕು ಬರೆದುಕೊಡುವ ಜಾಮೀನು ಅದು. ಎರಡನೆಯದು ರಿಟೆನ್ಷನ್. ಪ್ರತಿ ಬಿಲ್ಲಿನಿಂದ ನೂರಕ್ಕೆ ಐದರಂತೆ, ಕೆಲವೊಮ್ಮೆ ಇನ್ನೂ ಹೆಚ್ಚು, ಹಿಡಿದಿಟ್ಟುಕೊಂಡು ಕೆಲಸ ಸರಿಯಾಯಿತೆಂದು ಖಾತ್ರಿಯಾದ ಮೇಲೆ ಬಿಡುವ ಹಣ. ಇನ್ನು ಲಿಕ್ವಿಡೇಟೆಡ್ ಡ್ಯಾಮೇಜಸ್ ಎಂಬ ಬಾಯಿ ಸುಡುವ ಹೆಸರಿನದೊಂದಿದೆ. ಅರ್ಥ ಸುಲಭ: ವಾರ ತಡವಾದರೆ ಇಷ್ಟು, ಎರಡು ವಾರ ತಡವಾದರೆ ಇಷ್ಟು ಎಂದು ಮೊದಲೇ ಹೆಸರಿಸಿ ಬರೆದ ನಷ್ಟಪರಿಹಾರ. ಡಿಫೆಕ್ಟ್ ಲಯಬಿಲಿಟಿ ಎಂದರೆ ಕಟ್ಟಡ ಒಪ್ಪಿಸಿದ ಮೇಲೂ ಒಂದು ಅವಧಿಯವರೆಗೆ ಬಿರುಕು, ಸೋರಿಕೆಗಳನ್ನು ಸ್ವಂತ ಖರ್ಚಿನಲ್ಲಿ ರಿಪೇರಿ ಮಾಡಿಕೊಡುವ ಹೊಣೆ. ಮೈಲ್‌ಸ್ಟೋನ್ ಎಂದರೆ ಇಷ್ಟು ಅಂತಸ್ತು ಏರಿದರೆ ಇಷ್ಟು ಹಣ, ಏರದಿದ್ದರೆ ಇಲ್ಲ.

ಈ ಹೆಸರುಗಳು ಹೊಸತಾಗಿರಬಹುದು, ಸಂಗತಿ ನಮಗೆ ಹೊಸತಲ್ಲ. ಮಿಲ್ಲುಗಳಲ್ಲಿ ಬಟ್ಟೆ ಹಾಳಾದರೆ ಅದನ್ನು ನೇಕಾರನ ತಲೆಗೇ ಕಟ್ಟಿ ಬೆಲೆಯನ್ನು ಸಂಬಳದಿಂದ ಮುರಿದುಕೊಳ್ಳುವ ಪದ್ಧತಿ ಇತ್ತು. ಅದು ಡಿಫೆಕ್ಟ್ ಲಯಬಿಲಿಟಿಯಲ್ಲದೆ ಮತ್ತೇನು? ಹೊಟೇಲಿನಲ್ಲಿ ಗ್ಲಾಸು ಒಡೆದರೆ ಸಂಬಳಕ್ಕೆ ಕತ್ತರಿ, ರಜೆಯಲ್ಲಿ ಊರಿಗೆ ಹೋದವನು ಮರಳಿ ಬರಲೆಂದು ಹದಿನೈದು ದಿನದ ಪಗಾರ ಹಿಡಿದಿಡುವುದು; ಇದು ರಿಟೆನ್ಷನ್ ಅಲ್ಲವೆ? ವಕೀಲರು ಇಂಗ್ಲಿಷಿನಲ್ಲಿ ಹೆಸರಿಡುವ ಮೊದಲೇ ಈ ಷರತ್ತುಗಳ ಕೆಳಗೆ ಬೆವರು ಸುರಿಸಿದವರು ನಾವು. ಆದರೆ ಅವು ಯಾವಾಗಲೂ ಮೇಲಿನವನು ಕೆಳಗಿನವನ ಮೇಲೆ ಹೇರುವಂಥವು. ಬಿಲ್ಡರು ಕಂತ್ರಾಟುದಾರನಿಂದ ಇವೆಲ್ಲವನ್ನೂ ಮಾಮೂಲಿಯಾಗಿ ಬರೆಸಿಕೊಳ್ಳುತ್ತಾನೆ. ಅದೇ ಬಿಲ್ಡರು ನಮ್ಮೆದುರು ಕುಳಿತಾಗ ಇವೇ ಷರತ್ತುಗಳು ಕರಾರಿನಿಂದ ಮಾಯವಾಗುತ್ತವೆ. ಕೇಳಿದರೆ "ನಂಬಿಕೆಯ ಮೇಲೆ ನಡೆಯಬೇಕು ಅಣ್ಣಾ" ಎನ್ನುತ್ತಾನೆ. ಕಂತ್ರಾಟುದಾರನ ಮೇಲೆ ಇಲ್ಲದ ನಂಬಿಕೆಯನ್ನು ನಾವು ಅವನ ಮೇಲೆ ಇಡಬೇಕಂತೆ!

ಅವಧಿಯ ವಿಷಯವನ್ನೇ ನೋಡೋಣ. "36 ತಿಂಗಳಲ್ಲಿ ಮನೆ" ಎಂದು ಸಭೆಯಲ್ಲಿ ಹೇಳುತ್ತಾರೆ, ಚಪ್ಪಾಳೆ ಬೀಳುತ್ತದೆ. ಕರಾರಿನಲ್ಲಿ ಏನಿರುತ್ತದೆ? "ಎಲ್ಲ ನಿವಾಸಿಗಳು ಖೋಲಿ ಖಾಲಿ ಮಾಡಿ, ಕಾಮಗಾರಿ ಆರಂಭದ ಪೂರ್ಣ ಪರವಾನಗಿ ದೊರೆತ ದಿನದಿಂದ 36 ತಿಂಗಳು, ಬಳಿಕ ಆರು ತಿಂಗಳ ರಿಯಾಯಿತಿ." ಇದನ್ನು ಮೂರು ಸಲ ಓದಿ. ನಾವು ಖಾಲಿ ಮಾಡಿದ ದಿನದಿಂದಲ್ಲ, ಕೊನೆಯ ಒಬ್ಬ ಖಾಲಿ ಮಾಡಿದ ದಿನದಿಂದ. ಆ ಒಬ್ಬ ಕೋರ್ಟಿಗೆ ಹೋಗಿ ಕುಳಿತರೆ ನಮ್ಮ 36 ತಿಂಗಳು ಆರಂಭವಾಗುವುದೇ ಇಲ್ಲ. ಗಡಿಯಾರಕ್ಕೆ ಕೀ ಕೊಡದೆ ಗಂಟೆ ಎಷ್ಟಾಯಿತೆಂದು ಕೇಳಿದ ಹಾಗೆ. ಸಹಕಾರಿ ಸೊಸೈಟಿಗಳ ಪುನರ್ನಿರ್ಮಾಣಕ್ಕೆಂದು ಮಹಾರಾಷ್ಟ್ರ ಸರಕಾರ 79ಅ ಕಲಮಿನ ಕೆಳಗೆ 2009ರಲ್ಲಿ ಕೊಟ್ಟು 2019ರ ಜುಲೈಯಲ್ಲಿ ಪರಿಷ್ಕರಿಸಿದ ನಿರ್ದೇಶನಗಳು ಎರಡು ವರ್ಷದ ಅವಧಿ ಹೇಳುತ್ತವೆ, ವಿಶೇಷ ಸಂದರ್ಭದಲ್ಲಿ ಮೂರು. ಯೋಜನೆಯ ವೆಚ್ಚದ ನೂರಕ್ಕೆ 20ರಷ್ಟು ಬ್ಯಾಂಕ್ ಗ್ಯಾರಂಟಿ ಕೊಡಬೇಕೆಂದೂ ಹೇಳುತ್ತವೆ. ನಮ್ಮ ಎಷ್ಟು ಸೊಸೈಟಿಗಳ ಕಮಿಟಿಯವರು ಈ ಗ್ಯಾರಂಟಿಯ ಕಾಗದವನ್ನು ಕಣ್ಣಿನಿಂದ ನೋಡಿದ್ದಾರೆ? ನಿರ್ದೇಶನ ಸರಕಾರದ ಕಪಾಟಿನಲ್ಲಿದ್ದರೆ ಸಾಲದು, ನಮ್ಮ ಕರಾರಿನಲ್ಲಿ ಇಳಿಯಬೇಕು. ಸೊಸೈಟಿಯಾಗದ ಪಗಡಿ ಚಾಳಿನವರಿಗಂತೂ ಆ ನಿರ್ದೇಶನದ ಆಸರೆಯೂ ಇಲ್ಲ. ಅವರ ಕೈಯಲ್ಲಿ ಮುಖ್ಯವಾಗಿ ಇರುವುದು ಕರಾರಿನ ಕಾಗದ.

ತಡವಾದರೆ ಏನು? ಅಲ್ಲಿಗೆ ಬರುತ್ತದೆ ಫೋರ್ಸ್ ಮಜೂರ್ ಎಂಬ ಷರತ್ತು. ಕನ್ನಡದಲ್ಲಿ ದೈವಾಧೀನ ಎನ್ನಬಹುದು. ಮನೆ ಕೊಳ್ಳುವವರಿಗಾಗಿ ಬಂದ 2016ರ ರೇರಾ ಕಾನೂನು ಇದಕ್ಕೆ ಗೆರೆ ಎಳೆದಿದೆ: ಯುದ್ಧ, ನೆರೆ, ಬರ, ಬೆಂಕಿ, ಚಂಡಮಾರುತ, ಭೂಕಂಪ, ಇಂಥ ಪ್ರಕೃತಿಯ ವಿಪತ್ತುಗಳು. ಬಿಲ್ಡರನ ಪಟ್ಟಿ ಇಷ್ಟಕ್ಕೆ ನಿಲ್ಲುವುದಿಲ್ಲ. ಸಿಮೆಂಟು, ಕಬ್ಬಿಣ ಸಿಗದಿರುವುದು, ಕೂಲಿಯವರ ಮುಷ್ಕರ, ಸರಕಾರದ ಹೊಸ ನಿಯಮ, ಕೊನೆಗೆ "ಬಿಲ್ಡರನ ಹತೋಟಿಗೆ ಮೀರಿದ ಇತರ ಯಾವುದೇ ಕಾರಣ." ಸಿಮೆಂಟು ಸಿಗದಿರುವುದು ಯಾವ ದೈವದ ಕೆಲಸವೋ ನಾವರಿಯೆವು. ನಮ್ಮೂರ ದೈವ ನುಡಿ ಕೊಟ್ಟರೆ ಅವಧಿಯನ್ನೂ ಹೇಳುತ್ತದೆ! ಇಡೀ ಲೋಕವೇ ಬಾಗಿಲು ಹಾಕಿದ ಕೊರೋನಾದ ಕಾಲದಲ್ಲಿ ಕೂಡ, 2020ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ರೇರಾ ಪ್ರಾಧಿಕಾರ ತಿಂಗಳ ಲೆಕ್ಕ ಹಾಕಿ ಆರು ತಿಂಗಳ ವಿಸ್ತರಣೆ ಕೊಟ್ಟಿತು. ಮಹಾಮಾರಿಗೂ ಲೆಕ್ಕವಿದ್ದ ಮೇಲೆ 'ಇತರ ಯಾವುದೇ ಕಾರಣ'ಕ್ಕೆ ಲೆಕ್ಕವಿಲ್ಲದಿರುವುದು ಹೇಗೆ?

ಪರಿಹಾರದ ಮೊತ್ತವನ್ನು ಹೆಸರಿಸುವುದು ಏಕೆ ಮುಖ್ಯವೆಂಬುದನ್ನೂ ಹೇಳಬೇಕು. 1872ರ ಕರಾರು ಕಾನೂನಿನ 74ನೆಯ ಕಲಮಿನಂತೆ, ಕರಾರಿನಲ್ಲಿ ಮೊತ್ತ ಬರೆದಿದ್ದರೆ ಅದರ ಮಿತಿಯೊಳಗೆ ನ್ಯಾಯವಾದ ಪರಿಹಾರ ಕೇಳಬಹುದು. ಬರೆಯದಿದ್ದರೆ ನಮ್ಮ ನಷ್ಟವನ್ನು ಒಂದೊಂದಾಗಿ ನಾವೇ ಸಾಬೀತು ಮಾಡುತ್ತ ಕೋರ್ಟು ಅಲೆಯಬೇಕು. ಹೊಟೇಲಿನ ಎರಡನೆಯ ಪಾಳಿ ಬಿಟ್ಟು ಯಾರು ಅಲೆಯುವವರು?

ಅಳತೆಯ ವಿಷಯ ಮಿಲ್ಲಿನವರಿಗೆ ಬೇಗ ಅರ್ಥವಾದೀತು. ಬಟ್ಟೆಗೆ ಗಂಜಿ ಹಾಕಿದರೆ ಕೈಯಲ್ಲಿ ತೂಕವಾಗಿ ಕಾಣುತ್ತದೆ. ಒಂದು ಒಗೆತಕ್ಕೆ ಗಂಜಿ ಹೋಗಿ ಬಲೆಯಂತಾಗುತ್ತದೆ. ಬಿಲ್ಟಪ್, ಸೂಪರ್ ಬಿಲ್ಟಪ್ ಎಂಬುವು ಈ ಗಂಜಿ. ಮೆಟ್ಟಿಲು, ಲಿಫ್ಟು, ಹೊರಗಿನ ಗೋಡೆ ಎಲ್ಲವೂ ನಮ್ಮ ಮನೆಯ ಲೆಕ್ಕಕ್ಕೆ. ಕಾರ್ಪೆಟ್ ಒಂದೇ ಒಗೆದ ಬಟ್ಟೆಯ ಅಳತೆ: ಗೋಡೆಯೊಳಗೆ ನಾವು ನಿಂತು ನಡೆಯುವ ನೆಲ. ಆದರೆ ಇಲ್ಲೂ ಒಂದು ಜಾಣತನವಿದೆ. "ನಿಮ್ಮ 300 ಚದರಡಿಗೆ ನಾವು 405 ಕೊಡುತ್ತೇವೆ" ಎಂದು ಉಪಕಾರದ ದನಿಯಲ್ಲಿ ಹೇಳುತ್ತಾರೆ. ಮುಂಬಯಿಯ ನಿಯಮಾವಳಿಯಲ್ಲಿ ಫಂಜಿಬಲ್ ಎಂಬ ನೂರಕ್ಕೆ 35ರ ಹೆಚ್ಚುವರಿ ಇದೆ. ಹಳೆಯ ನಿವಾಸಿಗಳ ಪಾಲಿಗೆ ಅದು ಪ್ರೀಮಿಯಂ ಇಲ್ಲದೆ ದೊರೆಯುತ್ತದೆ. 300ಕ್ಕೆ 35 ಸೇರಿಸಿ ನೋಡಿ, 405. ಬಿಲ್ಡರು ಸ್ವಂತದ್ದೆಂದು ಒಂದು ಚದರಡಿಯನ್ನೂ ಕೊಟ್ಟಿಲ್ಲ.

ಇನ್ನೊಂದು ತಮಾಷೆ. "ಪರವಾನಗಿ ಬಂದಿದೆ, ಖಾಲಿ ಮಾಡಿ" ಎಂದು ತೋರಿಸುವ ಮುನಸಿಪಾಲಿಟಿಯ ಐ.ಓ.ಡಿ. ಕಾಗದದ ಪೂರ್ಣ ಹೆಸರನ್ನು ದಶಕಗಳಿಂದ ಈ ನಗರ 'ನಾಮಂಜೂರಿಯ ತಿಳಿವಳಿಕೆ' ಎಂಬ ಅರ್ಥದಲ್ಲೇ ಬರೆಯುತ್ತ ಬಂದಿದೆ! ಇಂತಿಂಥ ಷರತ್ತು ಪೂರೈಸುವತನಕ ಒಪ್ಪಿಗೆಯಿಲ್ಲ ಎಂಬುದೇ ಅದರ ತಿರುಳು. ಕಟ್ಟಲು ಬೇಕಾದದ್ದು ಅದರ ನಂತರ ಬರುವ ಕಾಮಗಾರಿ ಪರವಾನಗಿ. ವಾಸಕ್ಕೆ ಬೇಕಾದದ್ದು ಕೊನೆಯ ವಾಸಯೋಗ್ಯತೆಯ ಸರ್ಟಿಫಿಕೇಟು. ಅದು ಬರುವ ಮೊದಲು ಬೀಗದ ಕೈ ಕೊಟ್ಟರೆ ಅದನ್ನು 'ಪೊಸೆಷನ್' ಎಂದು ಒಪ್ಪಿಕೊಳ್ಳಬೇಡಿ. ಒಪ್ಪಿದ ಕ್ಷಣ ಬಾಡಿಗೆ ನಿಲ್ಲುತ್ತದೆ.

ಬರೇ ಶಬ್ದಗಳಿಗೆ ಇಷ್ಟು ಗಲಾಟೆಯೇ ಎನ್ನುವವರು ಮಿಲ್ಲಿನ ಜಾಗದ ಕಥೆ ನೆನೆಯಲಿ. 1982ರ ಜನವರಿಯಲ್ಲಿ ಆರಂಭವಾದ ಮುಷ್ಕರದ ನಂತರ ಒಂದೊಂದಾಗಿ ಮಿಲ್ಲುಗಳು ನಿಂತವು. 1991ರ ನಿಯಮಾವಳಿಯ 58ನೆಯ ನಿಯಮ ಮಿಲ್ಲಿನ ನೆಲವನ್ನು ಸ್ಥೂಲವಾಗಿ ಮೂರು ಪಾಲು ಮಾಡಿತ್ತು: ಒಂದು ನಗರದ ಬಯಲು ಉದ್ಯಾನಗಳಿಗೆ, ಒಂದು ಮ್ಹಾಡಾದ ಮನೆಗಳಿಗೆ, ಒಂದು ಮಾಲೀಕನಿಗೆ. 2001ರಲ್ಲಿ ತಿದ್ದುಪಡಿ ಬಂತು. ಹಂಚಬೇಕಾದದ್ದು 'ತೆರೆದ ಜಾಗ' ಮಾತ್ರ ಎಂದಿತು; ಮಿಲ್ಲಿನ ಕಟ್ಟಡವನ್ನು ಕೆಡವಿದ ಮೇಲೂ ಅದರ ಅಡಿಯ ನೆಲ 'ತೆರೆದದ್ದು' ಅಲ್ಲ ಎಂದಾಯಿತು. ಮಿಲ್ಲೆಂದರೆ ಬಹುಪಾಲು ಕಟ್ಟಡವೇ ಅಲ್ಲವೆ? 2005ರಲ್ಲಿ ಬೊಂಬಾಯಿ ಹೈಕೋರ್ಟು ಈ ಅರ್ಥವನ್ನು ಒಪ್ಪಲಿಲ್ಲ; 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ತಿದ್ದುಪಡಿಯನ್ನು ಎತ್ತಿಹಿಡಿಯಿತು. ಎರಡೇ ಶಬ್ದ. ಸುಮಾರು 600 ಎಕರೆಯ ಭವಿಷ್ಯ ಅದರ ಅರ್ಥದ ಮೇಲೆ ತಿರುಗಿತು. 2012ರ ಜೂನಿನಲ್ಲಿ ಮಿಲ್ ಕಾರ್ಮಿಕರಿಗಾಗಿ ಲಾಟರಿ ಎತ್ತಿದಾಗ ಇದ್ದ ಮನೆಗಳು 6,900 ಚಿಲ್ಲರೆ. ಅರ್ಜಿ ಹಾಕಿ ಕಾದವರು ಲಕ್ಷ ಮೀರಿ.

ಗೋರೆಗಾಂವಿನ ಪತ್ರಾ ಚಾಳನ್ನೂ ಮರೆಯಕೂಡದು. ಸಿದ್ಧಾರ್ಥ ನಗರದ 672 ಕುಟುಂಬಗಳು. 2008ರಲ್ಲಿ ಸೊಸೈಟಿ, ಮ್ಹಾಡಾ, ಬಿಲ್ಡರು ಮೂವರೂ ಸೇರಿ ಸಹಿ ಹಾಕಿದ ಕರಾರು. ಸರಕಾರವೇ ಒಂದು ಕಡೆ ಇದೆಯೆಂಬ ಧೈರ್ಯ. ಜನ ಖೋಲಿ ಬಿಟ್ಟರು. ಬರುತ್ತಿದ್ದ ಬಾಡಿಗೆ ನಿಂತಿತು. ಹಳೆಯ ನಿವಾಸಿಗಳ ಮನೆ ಪೂರ್ತಿಯಾಗುವ ಮೊದಲೇ ಮಾರಾಟದ ಪಾಲನ್ನು ಬೇರೆ ಬಿಲ್ಡರುಗಳಿಗೆ ಮಾರಲಾಯಿತೆಂಬುದು ತನಿಖಾ ಸಂಸ್ಥೆಯ ಆರೋಪ. 2018ರಲ್ಲಿ ಮ್ಹಾಡಾ ಕರಾರು ರದ್ದು ಮಾಡಿದಾಗ ಹತ್ತು ವರ್ಷ ಕಳೆದಿತ್ತು. ಪುನರ್ವಸತಿ ಕಟ್ಟಡದ ವಾಸ ಸರ್ಟಿಫಿಕೇಟು ಕೈಗೆ ಬರುವತನಕ ಮಾರಾಟದ ಕಟ್ಟಡದ ಒಂದು ಬೀಗದ ಕೈಯೂ ಹೊರಹೋಗಕೂಡದು ಎಂಬ ಸಾಲು ಕರಾರಿನಲ್ಲಿರಬೇಕೆಂದು ನಾವು ಹಟ ಹಿಡಿಯುವುದು ಇದಕ್ಕೆ.

ಈ ಗೋಪುರಗಳನ್ನು ಕಟ್ಟುವ ಕೈಗಳಲ್ಲಿ ನಮ್ಮವರೂ ಇದ್ದಾರೆ. ಕಲಬುರ್ಗಿ, ಯಾದಗಿರಿ, ವಿಜಯಪುರ ಕಡೆಯಿಂದ ಬಂದು ನಾಕಾಗಳಲ್ಲಿ ಬೆಳಗ್ಗೆ ನಿಲ್ಲುವ ಗಂಡು ಹೆಣ್ಣುಗಳು. ಬಿಲ್ಡರನಿಂದ ಕಂತ್ರಾಟುದಾರ, ಅವನಿಂದ ಒಳಕಂತ್ರಾಟುದಾರ, ಅವನಿಂದ ಮುಕಾದಮ. ಈ ಸಾಲಿನಲ್ಲಿ 'ಮೇಲಿಂದ ಬಂದರೆ ಕೆಳಗೆ' ಎಂಬುದೂ ಒಂದು ಮಾಮೂಲಿ ಷರತ್ತು. ಬರದಿದ್ದರೆ? ಕೂಲಿಯವಳು ಕಾಯಬೇಕು. ಕಂತ್ರಾಟುದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬುದು 1970ರ ಕಾನೂನಿನಿಂದ ಬಂದ ನಿಯಮ, ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಉಳಿದಿದೆ. ಇದನ್ನು ನಾಕಾದಲ್ಲಿ ನಿಂತು ಅವರಿಗೆ ಹೇಳುವವರು ಬೇಕು. ಕನ್ನಡ ಬಲ್ಲ ನಾವಲ್ಲದೆ ಯಾರು ಹೇಳಬೇಕು?

ನಮ್ಮವರ ವಿಷಯದಲ್ಲೂ ಒಂದು ಮಾತು. ಚಾಳಿನ ಕಮಿಟಿಯಲ್ಲಿ ಕುಳಿತು, ಕರಾರು ಓದದೆ, ಓದುವವರನ್ನು 'ಅಡ್ಡಗಾಲು' ಎಂದು ಕರೆದು, ಸಹಿ ಸಂಗ್ರಹಕ್ಕೆ ಮನೆಮನೆ ತಿರುಗುವ ಮುಖಂಡರಿದ್ದಾರೆ. ಅವರಲ್ಲಿ ಕೆಲವರಿಗೆ ಮೇಲಿನ ಅಂತಸ್ತಿನಲ್ಲಿ ಗಾಳಿ ಬೆಳಕಿನ ಮನೆ ಮೊದಲೇ ಗೊತ್ತಾಗಿರುತ್ತದೆ ಎಂಬುದು ಚಾಳಿನ ಮಕ್ಕಳಿಗೂ ತಿಳಿದ ಗುಟ್ಟು.

"ಇಷ್ಟೆಲ್ಲ ಷರತ್ತು ಹಾಕಿದರೆ ಬಿಲ್ಡರು ಪಕ್ಕದ ಚಾಳಿಗೆ ಹೋಗುತ್ತಾನೆ" ಎಂದು ಅವರು ಹೆದರಿಸುತ್ತಾರೆ. ಹೋಗಲಿ. ಪಕ್ಕದ ಚಾಳಿನಲ್ಲೂ ನಮ್ಮವರೇ ಇದ್ದಾರೆ. ಅವರೂ ಇದೇ ಪ್ರಶ್ನೆ ಕೇಳಿದರೆ ಅವನು ಎಲ್ಲಿಗೆ ಹೋಗುತ್ತಾನೆ? ಅವನು ಬಂದದ್ದು ನಮ್ಮ ಮುಖ ನೋಡಿ ಅಲ್ಲ, ಪರೇಲಿನ ನೆಲ ನೋಡಿ. ಬ್ಯಾಂಕಿನವರು ಸಾಲ ಕೊಡುವಾಗ ಹಾಕುವ ಷರತ್ತುಗಳಿಗೆಲ್ಲ ಮಾತಾಡದೆ ಸಹಿ ಹಾಕುವವನು ಅವನು. ಆದುದರಿಂದ ಬರುವ ಸಭೆಯಲ್ಲಿ ಕರಾರಿನ ಪ್ರತಿಯನ್ನು ಹದಿನೈದು ದಿನ ಮೊದಲು ಕೇಳಿ. ನಮ್ಮ ಹುಡುಗ ಹುಡುಗಿಯರಲ್ಲಿ ವಕೀಲರಿದ್ದಾರೆ, ಇಂಜಿನಿಯರರಿದ್ದಾರೆ. ರಾತ್ರಿ ಹನ್ನೊಂದಕ್ಕೆ ಹೊಟೇಲು ಮುಚ್ಚಿದ ಮೇಲಾದರೂ ಸರಿ, ಅವರನ್ನು ಕೂರಿಸಿ ಸಾಲು ಸಾಲಾಗಿ ಕನ್ನಡದಲ್ಲಿ ಓದಿಸಿ. ಬ್ಯಾಂಕ್ ಗ್ಯಾರಂಟಿ ಎಷ್ಟು, ಗಡಿಯಾರ ಯಾವ ದಿನದಿಂದ, ತಡವಾದ ತಿಂಗಳಿಗೆ ಎಷ್ಟು ರೂಪಾಯಿ, ಈ ಮೂರು ಅಂಕಿಗಳು ಶಾಯಿಯಲ್ಲಿ ಬರೆಯಲ್ಪಡುವ ತನಕ ಪೆನ್ನು ಜೇಬಿನಲ್ಲೇ ಇರಲಿ.